ಅಭಯಾರಣ್ಯದಲ್ಲಿ ಸೇವೆ
(ಆಫ್ರಿಕದ ವನ್ಯಧಾಮಗಳ ಸ್ವಯಂಸೇವಕರನ್ನು ಕುರಿತು ಒಂದು ಅಭ್ಯಾಸ)

ಪೀಠಿಕೆ

ನಮ್ಮ ವಿದ್ಯಾಸಂಸ್ಥೆಯಲ್ಲಿ ಓದಿ, ಪ್ರಸಾದನಿಲಯದಲ್ಲಿ ಉಂಡು ಬೆಳೆದು, ಈಗ ದೇಶದೇಶಾಂತರಗಳಲ್ಲಿ ನೆಲೆನಿಂತಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗಲೆಲ್ಲ ಗುರುಗಳನ್ನು ಕಂಡುಹೋಗುವ ಸತ್ಸಂಪ್ರದಾಯವು ಇಂದಿಗೂ ಉಳಿದುಬಂದಿದೆ. ಹೀಗೆ ಬಂದವರಲ್ಲೊಬ್ಬನು, ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಜಿನಿಯರನಾಗಿರುವವನು, ಕಳೆದ ಶ್ರಾವಣದಲ್ಲಿ ನನ್ನ ಮನೆಗೆ ಬಂದು ಒಂದು ಬಿನ್ನಹವನ್ನು ಮುಂದಿಟ್ಟನು. ಒಂದು ತಿಂಗಳ ರಜೆಯನ್ನು ಪಡೆದು ದಕ್ಷಿಣ ಆಫ್ರಿಕದ ವನ್ಯಧಾಮವೊಂದರಲ್ಲಿ ಸ್ವಯಂಸೇವಕನಾಗಿ ದುಡಿಯಬೇಕೆಂಬುದು ಅವನ ಸಂಕಲ್ಪ. ಅರ್ಜಿಯೊಡನೆ, ತನ್ನ ನಡತೆಯನ್ನು ಬಲ್ಲ ಹಿರಿಯರೊಬ್ಬರ ಪತ್ರವನ್ನು ಲಗತ್ತಿಸಬೇಕಾಗಿತ್ತು. "ಗುರುಗಳೇ, ತಾವು ನಾಲ್ಕು ಸಾಲು ಬರೆದುಕೊಟ್ಟರೆ ಸಾಕು" ಎಂದು ಕೈಮುಗಿದು, ಆ ಸ್ಥಳದವರು ಕಳುಹಿಸಿದ ಚಿತ್ರವೊಂದನ್ನೂ ತೋರಿಸಿದನು. ತರುಣಿಯೊಬ್ಬಳು ಸಿಂಹದ ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಸೀಸೆಯಿಂದ ಹಾಲೂಡುತ್ತಿದ್ದಳು. ಚಿತ್ರವು ಮನೋಹರವಾಗಿತ್ತು.

"ಇದರ ತಾಯಿ ಎಲ್ಲಿ, ತಮ್ಮಾ?" ಎಂದು ನಾನು ಸಹಜವಾಗಿ ಕೇಳಿದೆನು. ಅವನಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಒಂದು ತಿಂಗಳು ಅವಕಾಶ ಕೊಡು, ಆಮೇಲೆ ಬರೆದುಕೊಡುವೆನು ಎಂದು ಹೇಳಿ ಅವನನ್ನು ಕಳುಹಿಸಿದೆನು. ಹಳಗನ್ನಡ ಕಾವ್ಯಗಳ ಅರಣ್ಯವರ್ಣನೆಗಳ ಹೊರತು ಬೇರೆ ಅರಣ್ಯಗಳ ಪರಿಚಯವಿಲ್ಲದ ನನ್ನಂಥವನು ಆಫ್ರಿಕದ ವಿಷಯವನ್ನು ಓದತೊಡಗಿದುದು ಈ ನಿಮಿತ್ತದಿಂದ. ಆ ಓದಿನ ಸಾರವನ್ನು ನಮ್ಮ ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ. ಇಂದು ನಮ್ಮ ಮಕ್ಕಳು ಇಂತಹ ಸೇವೆಗೆ ದೂರದೇಶಗಳಿಗೆ ಹೊರಡುವ ಕಾಲ ಬಂದಿರುವುದರಿಂದ, ಯಾವುದು ಸೇವೆ, ಯಾವುದು ಸೇವೆಯ ವೇಷ ಎಂಬ ವಿವೇಚನೆಯು ನಮಗೆ ಅವಶ್ಯವಾಗಿದೆ.

ಪದವಿಚಾರ

ಮೊದಲು ಎರಡು ಪದಗಳನ್ನು ವಿಚಾರಿಸೋಣ. 'ಸೇವೆ' ಎಂಬುದು ಸಂಸ್ಕೃತದ 'ಸೇವ್' ಧಾತುವಿನಿಂದ ಬಂದುದು. ಉಪಚರಿಸುವುದು ಎಂಬ ಅರ್ಥವು ಎಲ್ಲರಿಗೂ ತಿಳಿದದ್ದೇ. ಆದರೆ ಸಮೀಪದಲ್ಲಿರುವುದು, ಆಶ್ರಯಿಸಿಕೊಂಡಿರುವುದು ಎಂಬ ಅರ್ಥವೂ ಆ ಧಾತುವಿಗೆ ಉಂಟು. ಹತ್ತಿರವಿದ್ದು, ಸೇವ್ಯನ ಅಗತ್ಯವನ್ನು ಅರಿತು, ಅಷ್ಟನ್ನೇ ಮಾಡುವವನು ಸೇವಕ. ತನ್ನ ಅಗತ್ಯವನ್ನು ಮುಂದುಮಾಡಿದರೆ ಅವನು ಆ ಹೆಸರಿಗೆ ಅರ್ಹನಲ್ಲ.

ಎರಡನೆಯದು 'ಅಭಯಾರಣ್ಯ'. ಭಯವಿಲ್ಲದ ಅರಣ್ಯ ಎಂದರೆ ಯಾರ ಭಯವಿಲ್ಲದ್ದು? ಜಿಂಕೆಗೆ ಸಿಂಹದ ಭಯವು ಅಲ್ಲಿಯೂ ಇದ್ದೇ ಇರುತ್ತದೆ. ಅದು ಸೃಷ್ಟಿಯ ನಿಯಮ. ಇಲ್ಲದಿರುವುದು ಮನುಷ್ಯನ ಭಯ. ಬಂದೂಕು, ಉರುಳು, ವಿಷ ಇವುಗಳ ಭಯ ನೀಗಿದರೆ ಆ ಅರಣ್ಯವು ಅಭಯಾರಣ್ಯವಾಗುತ್ತದೆ. ಮನುಷ್ಯನನ್ನು ಕಂಡು ಮೃಗವು ಅವನ ಮಡಿಲಿಗೆ ಬಂದು ಮಲಗಬೇಕೆಂಬ ಅರ್ಥ ಈ ಪದದಲ್ಲಿ ಎಲ್ಲಿಯೂ ಇಲ್ಲ. ಇವೆರಡು ಪದಗಳ ಅರ್ಥವನ್ನು ಜೊತೆಗಿಟ್ಟುಕೊಂಡು ನೋಡಿದರೆ, ಅಭಯಾರಣ್ಯದ ಸೇವೆಯೆಂದರೆ ಹತ್ತಿರವಿದ್ದೂ ಮುಟ್ಟದಿರುವ ಸೇವೆ ಎಂಬ ತಾತ್ಪರ್ಯವು ತಾನಾಗಿಯೇ ಹೊರಡುತ್ತದೆ. ಇದಕ್ಕೆ ಆಫ್ರಿಕದ ಅನುಭವವು ಏನು ಸಾಕ್ಷಿ ನುಡಿಯುತ್ತದೆಂಬುದನ್ನು ಮುಂದೆ ನೋಡೋಣ.

ಎಣಿಸಿ ಉಳಿಸಿದ ಮೃಗ

ದಕ್ಷಿಣ ಆಫ್ರಿಕದ ಪೂರ್ವಭಾಗದಲ್ಲಿ, ಜುಲು ಜನರ ನಾಡಿನಲ್ಲಿ, ಶ್ಲುಶ್ಲುವೆ ಮತ್ತು ಉಂಫೊಲೋಜಿ ಎಂಬ ಎರಡು ರಕ್ಷಿತಾರಣ್ಯಗಳನ್ನು 1895ರಲ್ಲಿ ಘೋಷಿಸಲಾಯಿತು. ಇಂದು ಅವೆರಡೂ ಒಂದೇ ವನ್ಯಧಾಮವಾಗಿವೆ. ದಕ್ಷಿಣದ ಬಿಳಿ ಘೇಂಡಾಮೃಗವು ಬೇಟೆಗಾರರ ಗುಂಡಿಗೆ ತುತ್ತಾಗಿ ಎಲ್ಲೆಡೆಯೂ ನಾಮಾವಶೇಷವಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಂಫೊಲೋಜಿಯ ನದೀತೀರಗಳಲ್ಲಿ ಮಾತ್ರ ಒಂದು ಸಣ್ಣ ಗುಂಪಾಗಿ ಉಳಿದಿತ್ತು. 1953ರಲ್ಲಿ ವಿಮಾನದ ಮೇಲಿನಿಂದ ಎಣಿಸಿದಾಗ 437 ಮೃಗಗಳು ಕಂಡವು. ಆ ಎಣಿಕೆಯಲ್ಲಿ ಪಾಲ್ಗೊಂಡಿದ್ದ ಇಯಾನ್ ಪ್ಲೇಯರ್ ಎಂಬ ತರುಣ ಅಧಿಕಾರಿಯು, ಇಡೀ ಸಂತತಿಯು ಒಂದೇ ಅರಣ್ಯದಲ್ಲಿರುವುದರ ಅಪಾಯವನ್ನು ಮನಗಂಡನು. ಒಂದು ರೋಗ ಬಂದರೆ ಎಲ್ಲವೂ ಮುಗಿದುಹೋಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಅವನೂ ಅವನ ಸಂಗಡಿಗರೂ ಅರಿವಳಿಕೆಯ ಸೂಜಿಯನ್ನು ದೂರದಿಂದ ಹಾರಿಸಿ, ಘೇಂಡಾಮೃಗಗಳನ್ನು ಹಿಡಿದು, ಬೇರೆಬೇರೆ ಅರಣ್ಯಗಳಿಗೂ ದೂರದೇಶಗಳ ಮೃಗೋದ್ಯಾನಗಳಿಗೂ ಸಾಗಿಸುವ ಕಾರ್ಯವನ್ನು ಕೈಗೊಂಡರು. ಇಂದು ಆಫ್ರಿಕದಲ್ಲಿರುವ ದಕ್ಷಿಣದ ಬಿಳಿ ಘೇಂಡಾಮೃಗಗಳೆಲ್ಲ ಆ ಚಿಕ್ಕ ಗುಂಪಿನ ಸಂತಾನವೇ ಸರಿ.

ಪ್ಲೇಯರನಿಗೆ ಕಾಡನ್ನು ಕಲಿಸಿದ ಗುರು ಮಗ್ಕುಬು ಎಂಟೊಂಬೆಲ ಎಂಬ ಜುಲು ವನರಕ್ಷಕ. ಆತನಿಗೆ ಓದುಬರಹ ಬರುತ್ತಿರಲಿಲ್ಲ. ಹೆಜ್ಜೆಯ ಗುರುತು, ಹಕ್ಕಿಯ ಕೂಗು, ಗಾಳಿಯ ದಿಕ್ಕು ಇವೇ ಅವನ ಅಕ್ಷರಗಳಾಗಿದ್ದವು. ಇವರಿಬ್ಬರೂ ಕೂಡಿ 1959ರಿಂದ ಸಣ್ಣ ಸಣ್ಣ ತಂಡಗಳನ್ನು ಉಂಫೊಲೋಜಿಯೊಳಗೆ ಕಾಲ್ನಡಿಗೆಯಲ್ಲಿ ಕರೆದೊಯ್ದರು. ಹಗಲು ನಡೆಯುವುದು, ರಾತ್ರಿ ಬಯಲಲ್ಲಿ ಮಲಗುವುದು. ಪ್ರತಿಯೊಬ್ಬನೂ ಸರದಿಯಂತೆ ಬೆಂಕಿಯ ಪಕ್ಕದಲ್ಲಿ ಒಂಟಿಯಾಗಿ ಕುಳಿತು ಕಾವಲು ಕಾಯುವುದು. ಕಾಡಿಗೆ ಏನಾದರೂ ಮಾಡಬೇಕೆನ್ನುವವನು ಮೊದಲು ಅದರ ಮುಂದೆ ಸುಮ್ಮನೆ ಕುಳಿತುಕೊಳ್ಳಲು ಕಲಿಯಬೇಕೆಂಬ ಪಾಠವು ಆ ರಾತ್ರಿಗಾವಲಿನಲ್ಲಿತ್ತು. ಎಂಟೊಂಬೆಲನು 1993ರಲ್ಲಿಯೂ ಪ್ಲೇಯರನು 2014ರಲ್ಲಿಯೂ ತೀರಿಕೊಂಡರು.

ಈ ಕಥೆ ಸುಖಾಂತವಾಗಿಲ್ಲವೆಂಬುದನ್ನೂ ಹೇಳಬೇಕು. ಕೊಂಬಿನ ಕಳ್ಳಬೇಟೆಯಿಂದ ದಕ್ಷಿಣ ಆಫ್ರಿಕದಲ್ಲಿ 2007ರಲ್ಲಿ ಸತ್ತ ಘೇಂಡಾಮೃಗಗಳು 13, 2014ರಲ್ಲಿ 1,215. 2023ರಲ್ಲಿ ದೇಶದಾದ್ಯಂತ ಸತ್ತ 499ರಲ್ಲಿ 307 ಮೃಗಗಳು, ಆ ಸಂತತಿಯನ್ನು ಉಳಿಸಿಕೊಟ್ಟ ಶ್ಲುಶ್ಲುವೆ–ಉಂಫೊಲೋಜಿ ವನ್ಯಧಾಮದಲ್ಲಿಯೇ ಸತ್ತವು. ಉಗುರಿನಂಥದೇ ವಸ್ತುವಿನಿಂದಾದ ಆ ಕೊಂಬನ್ನು ನೋವಾಗದಂತೆ ಕತ್ತರಿಸಿ ಮೃಗದ ಪ್ರಾಣವನ್ನುಳಿಸುವ ಉಪಾಯವನ್ನು 2024ರಿಂದ ಅಲ್ಲಿ ವ್ಯಾಪಕವಾಗಿ ಕೈಗೊಳ್ಳಲಾಯಿತು. ಆದುದರಿಂದ ಕಾವಲು ಮತ್ತು ಎಣಿಕೆ ಎಂಬ ಕೆಲಸಗಳು ಒಂದು ತಲೆಮಾರಿಗೆ ಮುಗಿಯತಕ್ಕವಲ್ಲ.

ಬೆಳದಿಂಗಳ ಗಣತಿ

ಸ್ವಯಂಸೇವಕರ ಎಣಿಕೆಗೆ ನಿದರ್ಶನವಾಗಿ ಜಿಂಬಾಬ್ವೆ ದೇಶದ ಹ್ವಾಂಗೆ ರಾಷ್ಟ್ರೀಯ ಉದ್ಯಾನವನ್ನು ತೆಗೆದುಕೊಳ್ಳಬಹುದು. ಸುಮಾರು 14,600 ಚದರ ಕಿಲೋಮೀಟರುಗಳ ಆ ವಿಶಾಲವಾದ ಕಾಡಿನ ಬಹುಭಾಗದಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಬೇಸಿಗೆಯಲ್ಲಿ ಕೊಳವೆಬಾವಿಗಳಿಂದ ಎತ್ತಿ ತುಂಬಿದ ಹೊಂಡಗಳೇ ಮೃಗಗಳಿಗೆ ಆಧಾರ. ಒಂದು ದೊಡ್ಡ ಆನೆಗೆ ದಿನವೊಂದಕ್ಕೆ ನೂರು ಲೀಟರಿಗೂ ಮಿಕ್ಕಿದ ನೀರು ಬೇಕು. ಅಲ್ಲಿರುವ ಆನೆಗಳಾದರೋ ಸುಮಾರು 45,000 ಎಂದು ಅಂದಾಜು. ಮಳೆ ತಡವಾದ ವರ್ಷಗಳಲ್ಲಿ, 2019 ಮತ್ತು 2023ರಲ್ಲಿ ಆದಂತೆ, ಹೊಂಡಗಳ ಸುತ್ತಲೇ ಆನೆಗಳು ಬಿದ್ದು ಸತ್ತದ್ದುಂಟು.

ಇಲ್ಲಿ 1972ರಿಂದ ಪ್ರತಿವರ್ಷವೂ ಮೃಗಗಣತಿಯೊಂದು ನಡೆದುಬಂದಿದೆ. ಅದನ್ನು ನಡೆಸುವವರು ಆ ದೇಶದ ವನ್ಯಜೀವಿ ಸಂಘದ ಸ್ವಯಂಸೇವಕರು: ಶಿಕ್ಷಕರು, ರೈತರು, ವ್ಯಾಪಾರಿಗಳು, ನಿವೃತ್ತರು. ಸಪ್ಟಂಬರ್ ಕೊನೆಯ ಅಥವಾ ಅಕ್ಟೋಬರ್ ತಿಂಗಳ ಹುಣ್ಣಿಮೆಯಂದು, ತಮ್ಮ ವಾಹನ, ತಮ್ಮ ಬುತ್ತಿ, ತಮ್ಮ ದುರ್ಬೀನುಗಳೊಡನೆ ಹೋಗಿ, ತಂಡಕ್ಕೊಂದು ಹೊಂಡದಂತೆ ಹಂಚಿಕೊಂಡು ಕುಳಿತುಬಿಡುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಮಾರನೆಯ ದಿನದ ಮಧ್ಯಾಹ್ನ ಹನ್ನೆರಡರವರೆಗೆ, ಇಪ್ಪತ್ತನಾಲ್ಕು ಗಂಟೆಗಳ ಕಾಲ, ನೀರಿಗೆ ಬಂದ ಪ್ರತಿಯೊಂದು ಮೃಗವನ್ನೂ ಬಂದ ಹೊತ್ತಿನೊಡನೆ ಬರೆದಿಡುವುದು ಅವರ ಕೆಲಸ. ಆಣತಿ ಇಷ್ಟೇ: ಮಾತು ಬೇಡ, ದೀಪ ಬೇಡ, ನಿದ್ದೆ ಸರದಿಯಿಂದ.

ಈ ವಿಧಾನದ ಹಿಂದಿರುವ ಯುಕ್ತಿಯನ್ನು ಶಿಕ್ಷಕರು ಗಮನಿಸಬೇಕು. ಬೇಸಿಗೆಯ ಕೊನೆಯೇ ಏಕೆ? ಆಗ ಬೇರೆಲ್ಲಿಯೂ ನೀರಿಲ್ಲದುದರಿಂದ ಮೃಗಗಳು ಹೊಂಡಕ್ಕೆ ಬಾರದೆ ಗತ್ಯಂತರವಿಲ್ಲ. ಹುಣ್ಣಿಮೆಯೇ ಏಕೆ? ದೀಪವಿಲ್ಲದೆ ರಾತ್ರಿಯಲ್ಲಿಯೂ ಕಾಣುವುದಕ್ಕಾಗಿ. ಒಂದೇ ಮೃಗವು ಎರಡು ಹೊಂಡಗಳಲ್ಲಿ ಕುಡಿದರೆ ಅಥವಾ ಆ ದಿನ ಕುಡಿಯಲು ಬಾರದೆಯೇ ಇದ್ದರೆ ಎಣಿಕೆ ತಪ್ಪುವುದಿಲ್ಲವೇ? ತಪ್ಪುತ್ತದೆ. ಒಂದು ವರ್ಷದ ಅಂಕಿಯಿಂದ ಕಾಡಿನ ಒಟ್ಟು ಸಂಖ್ಯೆ ದೊರಕುವುದಿಲ್ಲ. ಆದರೆ ಅದೇ ಹೊಂಡಗಳಲ್ಲಿ, ಅದೇ ಕಾಲದಲ್ಲಿ, ಅದೇ ಕ್ರಮದಲ್ಲಿ ವರ್ಷವರ್ಷವೂ ಎಣಿಸಿದಾಗ ಏರಿಳಿತವು ಕಾಣಿಸುತ್ತದೆ. ಯಾವ ಮೃಗ ಕ್ಷೀಣಿಸುತ್ತಿದೆ, ಯಾವ ಹೊಂಡ ಸೋಲುತ್ತಿದೆ, ಎಲ್ಲಿ ಪಂಪು ಬೇಕು ಎಂಬುದನ್ನು ಅರಿಯಲು ಈ ಏರಿಳಿತವೇ ಆಧಾರ. ಒಬ್ಬನ ಒಂದು ದಿನದ ಬರಹಕ್ಕೆ ತಾನೇ ಬೆಲೆಯಿಲ್ಲ. ಐವತ್ತು ವರ್ಷಗಳ ಸಾಲಿನಲ್ಲಿ ಅದು ತನ್ನ ಸ್ಥಾನವನ್ನು ತುಂಬಿದಾಗ ಬೆಲೆ ಬರುತ್ತದೆ. ಇಂತಹ ಸೇವೆಯಲ್ಲಿ ಹೆಸರಿಗೆ ಅವಕಾಶವಿಲ್ಲ, ತಪ್ಪು ಲೆಕ್ಕಕ್ಕೂ ಅವಕಾಶವಿಲ್ಲ.

ಹಣ ಕೊಟ್ಟು ದುಡಿಯುವುದೇಕೆ?

ಸೇವೆ ಮಾಡುವವನೇ ಹಣವನ್ನೂ ಕೊಡಬೇಕೆಂಬ ಸಂಗತಿಯು ನನ್ನನ್ನು ಮೊದಲು ಚಕಿತಗೊಳಿಸಿತು. ನಮ್ಮ ದಾನಿಗಳಿಗೂ ಇದು ವಿಚಿತ್ರವಾಗಿ ತೋರಬಹುದು. ಈ ಪದ್ಧತಿಗೆ ಸಕಾರಣವಾದ ಹಿನ್ನೆಲೆಯುಂಟು. ಅಮೆರಿಕದ ಬಾಸ್ಟನ್ ನಗರದಲ್ಲಿ 1971ರಲ್ಲಿ ಅರ್ಥ್‌ವಾಚ್ ಎಂಬ ಸಂಸ್ಥೆ ಹುಟ್ಟಿತು. ವಿಜ್ಞಾನಿಗಳಿಗೆ ಕೈಗಳೂ ಬೇಕು, ಹಣವೂ ಬೇಕು. ಜನಸಾಮಾನ್ಯರಿಗೆ ಕಾಡಿನ ಕೆಲಸದಲ್ಲಿ ಪಾಲು ಬೇಕು. ಇವೆರಡನ್ನೂ ಕೂಡಿಸಿದರೆ ಇಬ್ಬರಿಗೂ ಹಿತವೆಂಬುದು ಅದರ ಆಲೋಚನೆ. ಆಮೇಲೆ ಇಂಥವು ಅನೇಕವಾದವು.

ಜುಲುನಾಡಿನ ವನ್ಯಧಾಮಗಳಲ್ಲಿ ಆಫ್ರಿಕದ ಕಾಡುನಾಯಿಗಳನ್ನು ಹಿಂಬಾಲಿಸುವ ಕೆಲಸವು ಹೀಗೆಯೇ ನಡೆಯುತ್ತದೆ. ಇದು ನಮ್ಮ ಸೀಳುನಾಯಿಯಲ್ಲ. ಮೈಮೇಲೆ ಕಪ್ಪು, ಹಳದಿ, ಬಿಳಿಯ ಮಚ್ಚೆಗಳುಳ್ಳ, ದೊಡ್ಡ ದುಂಡುಕಿವಿಯ ಬೇರೊಂದು ಜಾತಿ. ಇಡೀ ಖಂಡದಲ್ಲಿ ಇವು ಕೆಲವೇ ಸಾವಿರ ಉಳಿದಿವೆ. ಗುಂಪಿನ ಒಂದೆರಡು ನಾಯಿಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿರುತ್ತಾರೆ. ನಸುಕಿನಲ್ಲಿಯೇ ಎದ್ದು, ತೆರೆದ ವಾಹನದಲ್ಲಿ ಚಳಿಗೆ ನಡುಗುತ್ತ, ಆಂಟೆನಾವನ್ನು ಎತ್ತಿ ಹಿಡಿದು ಪಟ್ಟಿಯ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಆಲಿಸಿ, ಗುಂಪಿನ ಎಣಿಕೆಯನ್ನೂ ಗಾಯಗೊಂಡವುಗಳ ವಿವರವನ್ನೂ ಬರೆದುಕೊಂಡು ಬರುವುದು ಸ್ವಯಂಸೇವಕನ ದಿನಚರಿ. ಕೆಲವು ದಿನ ನಾಯಿಗಳು ಕಾಣುವುದೇ ಇಲ್ಲ. ಒಂದು ನಾಯಿ ಇದ್ದಲ್ಲಿಯೇ ಇದ್ದರೆ ಅದು ಉರುಳಿಗೆ ಸಿಕ್ಕಿರಬಹುದೆಂದು ಸಂಶಯಿಸಿ ಪಶುವೈದ್ಯರಿಗೆ ಸುದ್ದಿ ಕೊಡುತ್ತಾರೆ. ತಂತಿಯ ಉರುಳನ್ನು ಜಿಂಕೆಗೆಂದು ಒಡ್ಡಿದರೂ ಅದು ಜಾತಿಭೇದವಿಲ್ಲದೆ ಎಲ್ಲವನ್ನೂ ಹಿಡಿಯುತ್ತದೆ. ಸ್ವಯಂಸೇವಕನು ಕೊಟ್ಟ ಹಣವು ವಾಹನದ ಇಂಧನಕ್ಕೆ, ಕೊರಳಪಟ್ಟಿಗೆ, ಸ್ಥಳೀಯ ನೌಕರರ ಸಂಬಳಕ್ಕೆ ಒದಗುವುದಾದರೆ ಆಕ್ಷೇಪಿಸಲು ಕಾರಣವಿಲ್ಲ. ಹಣ ಪಡೆಯುವುದು ದೋಷವಲ್ಲ; ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಹೇಳದಿರುವುದು ದೋಷ.

ಮಮತೆಯ ಮಿತಿ

ಹಾಗಾದರೆ ತಾಯಿಯನ್ನು ಕಳೆದುಕೊಂಡ ಮರಿಗಳನ್ನು ಎತ್ತಿ ಸಾಕುವುದು ಬೇಡವೇ? ಈ ಪ್ರಶ್ನೆಗೆ ಕೆನ್ಯಾ ದೇಶದ ಡ್ಯಾಫ್ನಿ ಶೆಲ್‌ಡ್ರಿಕ್ ಎಂಬ ಮಹಿಳೆಯ ಬಾಳು ಉತ್ತರವಾಗಿದೆ. ಆಕೆಯ ಪತಿ ಡೇವಿಡ್ ಶೆಲ್‌ಡ್ರಿಕ್ ತ್ಸಾವೊ ಪೂರ್ವ ರಾಷ್ಟ್ರೀಯ ಉದ್ಯಾನದ ಮೊದಲನೆಯ ಅಧಿಕಾರಿ. ಹಾಲು ಕುಡಿಯುವ ಆನೆಮರಿಗಳು ಮನುಷ್ಯನ ಕೈಯಲ್ಲಿ ಬದುಕುತ್ತಿರಲಿಲ್ಲ; ಹಸುವಿನ ಹಾಲಿನ ಕೊಬ್ಬು ಅವಕ್ಕೆ ಒಗ್ಗದು. ಡ್ಯಾಫ್ನಿ ಎಷ್ಟೋ ವರ್ಷ ಪ್ರಯೋಗಿಸಿ, ತೆಂಗಿನೆಣ್ಣೆಯನ್ನು ಬೆರೆಸಿದ ಆಹಾರವು ಒಗ್ಗುವುದೆಂದು ಕಂಡುಕೊಂಡಳು. ಹೀಗೆ ಬದುಕಿದ ಐಶಾ ಎಂಬ ಮರಿಯು ಆಕೆಯನ್ನು ನೆರಳಿನಂತೆ ಹಿಂಬಾಲಿಸುತ್ತಿತ್ತು. 1974ರಲ್ಲಿ ಮಗಳ ಮದುವೆಗೆಂದು ಡ್ಯಾಫ್ನಿ ನೈರೋಬಿಗೆ ಹೋಗಬೇಕಾಯಿತು. ಅಷ್ಟರಲ್ಲಿ ಆ ಮರಿಯು ಆಹಾರವನ್ನು ಬಿಟ್ಟು ಕೊರಗಿ ಸತ್ತುಹೋಯಿತು. ಆಹಾರದಲ್ಲಿ ದೋಷವಿರಲಿಲ್ಲ. ಒಬ್ಬರನ್ನೇ ತಾಯಿಯೆಂದು ನಂಬಿದ ಜೀವವು ಆ ಒಬ್ಬರು ಕಾಣದಾದಾಗ ಬದುಕುವ ಬಯಕೆಯನ್ನೇ ಕಳೆದುಕೊಂಡಿತ್ತು.

ಈ ದುಃಖದಿಂದ ಆಕೆ ಕಲಿತ ನಿಯಮವು ಇಂದಿಗೂ ಆಚರಣೆಯಲ್ಲಿದೆ. ಪತಿಯ ಮರಣಾನಂತರ 1977ರಲ್ಲಿ ಸ್ಥಾಪನೆಗೊಂಡ ಅವರ ಸಂಸ್ಥೆಯ ನೈರೋಬಿಯ ಆನೆಮರಿಗಳ ಪಾಲನಾಲಯದಲ್ಲಿ ಮರಿಯ ಜೊತೆಗೆ ರಾತ್ರಿ ಮಲಗುವ ಪಾಲಕನು ಸರದಿಯಂತೆ ಬದಲಾಗುತ್ತಿರುತ್ತಾನೆ. ಒಬ್ಬನಿಗೇ ಮರಿ ಅಂಟಿಕೊಳ್ಳಬಾರದು. ಪಾಲಕರ ಕುಟುಂಬವೊಂದು ತನಗಿದೆಯೆಂದು ಅದಕ್ಕೆ ತೋರಬೇಕು. ಆ ಪಾಲಕರು ಆ ನಾಡಿನವರೇ, ಸಂಬಳ ಪಡೆದು ವರ್ಷಗಟ್ಟಲೆ ದುಡಿಯುವವರು. ನೋಡಲು ಬರುವವರಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಅವಕಾಶ. ಮರಿ ದೊಡ್ಡದಾದಂತೆ ಅದನ್ನು ತ್ಸಾವೊ ಅರಣ್ಯದ ನೆಲೆಗಳಿಗೆ ಒಯ್ದು, ಅದು ಕಾಡಾನೆಗಳ ಹಿಂಡನ್ನು ತಾನಾಗಿಯೇ ಸೇರುವವರೆಗೆ ಕಾಯುತ್ತಾರೆ. ಇದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. ಅದು ತಮ್ಮನ್ನು ಬಿಟ್ಟುಹೋಗಲೆಂದೇ ಸಾಕುವ ಈ ಸಾಕಣೆಯಲ್ಲಿ ಮಮತೆಗೂ ಮಿತಿಯುಂಟು, ಆ ಮಿತಿಯೇ ಮಮತೆಯ ಗುರುತು. ಎರಡು ವಾರ ಬಂದು ಮುದ್ದಾಡಿ ಹೊರಟುಹೋಗುವವನು ಇಂತಹ ಮರಿಗೆ ಮಾಡುವುದು ಉಪಕಾರವೋ ಅಪಕಾರವೋ ಎಂಬುದನ್ನು ಐಶಾಳ ಕಥೆಯನ್ನು ಬಲ್ಲವರು ಊಹಿಸಬಲ್ಲರು.

ಮಡಿಲಿನ ಸಿಂಹ

ಈಗ ನನ್ನ ಶಿಷ್ಯನು ತೋರಿಸಿದ ಚಿತ್ರಕ್ಕೆ ಮರಳೋಣ. ಆ ಮರಿಯ ತಾಯಿ ಎಲ್ಲಿ?

ದಕ್ಷಿಣ ಆಫ್ರಿಕದಲ್ಲಿ ಬೇಲಿಯೊಳಗೆ ಸಿಂಹಗಳನ್ನು ಹುಟ್ಟಿಸಿ ಬೆಳೆಸುವ ನೂರಾರು ಕೇಂದ್ರಗಳಿವೆ. ಅವುಗಳಲ್ಲಿರುವ ಸಿಂಹಗಳು ಸುಮಾರು 8,000. ಆ ದೇಶದ ಕಾಡುಗಳಲ್ಲಿ ಸ್ವತಂತ್ರವಾಗಿರುವ ಸಿಂಹಗಳಿಗಿಂತ ಇದು ಹೆಚ್ಚು. ಕಾಡಿನ ಸಿಂಹಿಣಿಯು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಮರಿಹಾಕುತ್ತದೆ. ಬೇಲಿಯೊಳಗಾದರೋ, ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಯನ್ನು ಕಿತ್ತುಕೊಂಡರೆ ತಾಯಿಯು ಬೇಗನೆ ಮತ್ತೆ ಗರ್ಭಧರಿಸುತ್ತದೆ. ಆ ಮರಿಯನ್ನು 'ತಬ್ಬಲಿ' ಎಂದು ಕರೆದು, ಹಾಲೂಡಿಸಲು ದೂರದೇಶಗಳ ತರುಣರನ್ನು ಹಣ ಪಡೆದು ಕರೆಸಿಕೊಳ್ಳುವವರುಂಟು. ಮರಿ ಬೆಳೆದು ಮುದ್ದಾಡಲು ಅಪಾಯಕಾರಿಯಾದಾಗ ಮುಂದಿನ ವ್ಯಾಪಾರ. ಬೇಲಿಹಾಕಿದ ಜಾಗದಲ್ಲಿ ಅದನ್ನು ಬಿಟ್ಟು, ಹಣ ತೆತ್ತ ಬೇಟೆಗಾರನಿಂದ ಕೊಲ್ಲಿಸುವುದೊಂದು. ಮೂಳೆಗಾಗಿ ಮಾರುವುದು ಮತ್ತೊಂದು. 2017ರಲ್ಲಿ 800 ಸಿಂಹಗಳ ಅಸ್ಥಿಪಂಜರಗಳ ರಫ್ತಿಗೆ ಅಲ್ಲಿಯ ಸರಕಾರವೇ ಮಿತಿಯನ್ನು ಗೊತ್ತುಪಡಿಸಿತ್ತು. 2019ರಲ್ಲಿ ನ್ಯಾಯಾಲಯವು ಅಂತಹ ಮಿತಿಗಳನ್ನು ಗೊತ್ತುಪಡಿಸಿದ ಕ್ರಮವು ಸಲ್ಲದೆಂದು ತೀರ್ಪಿತ್ತಿತು.

ಈ ವ್ಯಾಪಾರವು ಬೆಳಕಿಗೆ ಬಂದುದರಲ್ಲಿ, ಮೋಸಹೋದ ಸ್ವಯಂಸೇವಕರ ಪಾಲೂ ಇದೆ. ತಾವು ಸಾಕಿದ ಮರಿ ಎಲ್ಲಿಗೆ ಹೋಯಿತೆಂದು ಊರಿಗೆ ಮರಳಿದ ಮೇಲೂ ವಿಚಾರಿಸುತ್ತಲೇ ಇದ್ದವರು ಅವರು. 2015ರಲ್ಲಿ ತೆರೆಕಂಡ 'ಬ್ಲಡ್ ಲಯನ್ಸ್' ಎಂಬ ಸಾಕ್ಷ್ಯಚಿತ್ರವು ಇದನ್ನು ಲೋಕದ ಮುಂದಿಟ್ಟಿತು. 2021ರಲ್ಲಿ ಸರಕಾರವು ನೇಮಿಸಿದ ಉನ್ನತ ಸಮಿತಿಯು, ಬೇಲಿಯೊಳಗಿನ ಸಿಂಹಸಾಕಣೆಯು ವನ್ಯಸಂರಕ್ಷಣೆಗೆ ನೆರವಾಗುವುದಿಲ್ಲವೆಂದೂ ಅದನ್ನು ಕೊನೆಗಾಣಿಸಬೇಕೆಂದೂ ಶಿಫಾರಸು ಮಾಡಿತು. ಆದರೂ ಸಾವಿರಾರು ಸಿಂಹಗಳು ಬೇಲಿಯೊಳಗಿರುವಾಗ ಆ ಕಾರ್ಯವು ಒಂದು ದಿನದಲ್ಲಿ ಆಗತಕ್ಕದ್ದಲ್ಲ.

ಚಿತ್ರದಲ್ಲಿದ್ದ ತರುಣಿಯ ಮುಖದಲ್ಲಿ ಕರುಣೆಯಿತ್ತು, ಕಪಟವಿರಲಿಲ್ಲ. ದುಃಖವೆಂದರೆ ಆ ಕರುಣೆಯೇ ಅಲ್ಲಿ ವ್ಯಾಪಾರದ ಬಂಡವಾಳ. ಮರಿಯನ್ನು ಮುಟ್ಟಬೇಕೆಂಬ ನಮ್ಮ ಆಸೆಯು ತಾಯಿಯಿಂದ ಮರಿಯನ್ನು ಅಗಲಿಸುತ್ತದೆ. ಕೊಳ್ಳುವವರಿಲ್ಲದಿದ್ದರೆ ಹುಟ್ಟಿಸುವವರಿಲ್ಲ.

ನೆಲದ ಮಕ್ಕಳ ಕಾವಲು

ಅಭಯಾರಣ್ಯವು ಮೃಗಗಳಿಗೆ ಅಭಯವಿತ್ತಾಗ ಅಲ್ಲಿಯ ಜನರಿಗೆ ಏನಾಯಿತೆಂಬುದನ್ನೂ ಸೇವೆಗೆ ಹೋಗುವವನು ಅರಿತಿರಬೇಕು. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಉತ್ತರದ ಅಂಚಿನಲ್ಲಿ ವಾಸವಾಗಿದ್ದ ಮಕುಲೆಕೆ ಜನರನ್ನು 1969ರಲ್ಲಿ ಅಲ್ಲಿಂದ ಎಬ್ಬಿಸಿ ಬೇರೆಡೆಗೆ ಸಾಗಿಸಿ, ಅವರ ಭೂಮಿಯನ್ನು ಉದ್ಯಾನಕ್ಕೆ ಸೇರಿಸಲಾಯಿತು. ವರ್ಣಭೇದದ ಆಳ್ವಿಕೆ ಕಳೆದ ಮೇಲೆ, 1998ರಲ್ಲಿ, ಆ ಭೂಮಿಯ ಒಡೆತನವು ಅವರಿಗೆ ಮರಳಿ ದೊರೆಯಿತು. ಅವರು ಅದನ್ನು ಉಳುಮೆಗೆ ತಿರುಗಿಸದೆ, ವನ್ಯಭೂಮಿಯಾಗಿಯೇ ಉಳಿಸಿಕೊಂಡು, ಪ್ರವಾಸಿಗರಿಂದ ಬರುವ ಆದಾಯದಲ್ಲಿ ಪಾಲು ಪಡೆಯುವ ದಾರಿಯನ್ನು ಆರಿಸಿಕೊಂಡರು. ಅನ್ಯಾಯಕ್ಕೊಳಗಾದ ಜನರೇ ಆ ಕಾಡನ್ನು ಕಾಯಲು ಒಪ್ಪಿದುದು ಸಾಮಾನ್ಯವಾದ ಔದಾರ್ಯವಲ್ಲ.

ನಮೀಬಿಯ ದೇಶದ ವಾಯವ್ಯ ಭಾಗದ ಮರುಭೂಮಿಯಲ್ಲಿ ನಡೆದುದು ಇನ್ನೂ ಮನನೀಯವಾದುದು. 1980ರ ದಶಕದ ಆರಂಭದಲ್ಲಿ ಘೋರವಾದ ಬರಗಾಲದಿಂದ ದನಗಳು ಸತ್ತವು; ಕಳ್ಳಬೇಟೆಯಿಂದ ಆನೆಗಳೂ ಕಪ್ಪು ಘೇಂಡಾಮೃಗಗಳೂ ಅಳಿಯುತ್ತಿದ್ದವು. ಆಗ ಗಾರ್ತ್ ಓವೆನ್-ಸ್ಮಿತ್ ಎಂಬ ಸಂರಕ್ಷಕನು ಹೊರಗಿನಿಂದ ಪೊಲೀಸರನ್ನು ತರಿಸಲಿಲ್ಲ. ಹೆರೆರೊ ಜನರ ಮುಖಂಡನಾದ ಜೋಶುವಾ ಕಂಗೊಂಬೆಯೇ ಮೊದಲಾದ ಹಿರಿಯರನ್ನು ಕಂಡು ಮಾತನಾಡಿದನು. ಆ ಹಿರಿಯರು ತಮ್ಮವರಲ್ಲಿಯೇ ಕಾಡನ್ನು ಬಲ್ಲವರನ್ನು ಆರಿಸಿ ಕಾವಲಿಗೆ ನೇಮಿಸಿದರು. ಆರಂಭದಲ್ಲಿ ಅವರಿಗೆ ದೊರೆಯುತ್ತಿದ್ದುದು ಸಂಬಳವಲ್ಲ, ಊಟಕ್ಕೆ ಬೇಕಾದ ದಿನಸಿ ಮಾತ್ರ. ಕಳ್ಳಬೇಟೆ ಇಳಿಯಿತು, ಮೃಗಗಳು ಹೆಚ್ಚಿದವು. 1990ರಲ್ಲಿ ದೇಶವು ಸ್ವತಂತ್ರವಾಯಿತು. 1996ರ ಕಾನೂನಿನಂತೆ ವನ್ಯಮೃಗಗಳಿಂದ ಬರುವ ಆದಾಯದ ಹಕ್ಕು ಊರವರ ಸಂರಕ್ಷಣಾ ಸಂಘಗಳಿಗೆ ದೊರೆಯತೊಡಗಿತು. ಇಂದು ಅಂತಹ ಸಂಘಗಳು ಎಂಬತ್ತಕ್ಕೂ ಹೆಚ್ಚಾಗಿವೆ. ಓವೆನ್-ಸ್ಮಿತ್ 2020ರಲ್ಲಿ ತೀರಿಕೊಂಡನು.

ಆದುದರಿಂದ ಹೊರಗಿನಿಂದ ಹೋಗುವ ಸ್ವಯಂಸೇವಕನು ತಾನು ಕಾಡನ್ನು ಉದ್ಧರಿಸಲು ಹೊರಟಿರುವೆನೆಂದು ಭಾವಿಸಬಾರದು. ಆ ಕಾಡನ್ನು ಕಾಯುವವರು ಅಲ್ಲಿ ಮೊದಲೇ ಇದ್ದಾರೆ. ಅವರ ಕೂಲಿಯ ಕೆಲಸವನ್ನು ತಾನು ಬಿಟ್ಟಿಯಾಗಿ ಮಾಡಿ ಅವರ ಅನ್ನವನ್ನು ಕಸಿದುಕೊಳ್ಳದಂತೆ ನೋಡಿಕೊಳ್ಳುವುದೂ ಸೇವೆಯ ಒಂದು ಭಾಗವೇ.

ಕೇಳತಕ್ಕ ಪ್ರಶ್ನೆಗಳು

ಮೇಲಿನ ಅಭ್ಯಾಸದಿಂದ, ಸೇವೆಗೆ ಹೊರಡುವ ತರುಣನು ಅರ್ಜಿಗೆ ಸಹಿ ಹಾಕುವ ಮುನ್ನ ಕೇಳತಕ್ಕ ಐದು ಪ್ರಶ್ನೆಗಳು ಹೊರಡುತ್ತವೆ. ಶಿಕ್ಷಕರು ಇವನ್ನು ತರಗತಿಯಲ್ಲಿ ಚರ್ಚೆಗೂ ಬಳಸಬಹುದು.

1. ಅಲ್ಲಿಯ ಮೃಗವನ್ನು ನಾನು ಮುಟ್ಟಬೇಕಾಗುವುದೇ? ಮುಟ್ಟುವುದಾದರೆ, ಅದು ಮೃಗದ ಅಗತ್ಯವೋ ನನ್ನ ಆಸೆಯೋ?

2. ಮರಿಗಳಿದ್ದರೆ ಅವುಗಳ ತಾಯಂದಿರು ಎಲ್ಲಿ? ಕಳೆದ ವರ್ಷದ ಮರಿಗಳು ಈ ವರ್ಷ ಎಲ್ಲಿವೆ?

3. ನಾನು ಕೊಡುವ ಹಣವು ಯಾವುದಕ್ಕೆ ಎಷ್ಟು ವಿನಿಯೋಗವಾಗುತ್ತದೆ? ಬರವಣಿಗೆಯಲ್ಲಿ ತಿಳಿಸಬಲ್ಲರೇ?

4. ನಾನು ಮಾಡುವ ಕೆಲಸದಿಂದ ಆ ಊರಿನವನೊಬ್ಬನ ಕೂಲಿ ತಪ್ಪುವುದೇ?

5. ನಾನು ಬರೆದಿಟ್ಟ ಅಂಕಿಗಳನ್ನು ನಾನು ಮರಳಿದ ಮೇಲೆ ಯಾರು ಓದುತ್ತಾರೆ, ಯಾವುದಕ್ಕೆ ಬಳಸುತ್ತಾರೆ?

ಇವಕ್ಕೆ ನೇರವಾದ ಉತ್ತರ ಕೊಡುವ ಸ್ಥಳಗಳು ಆಫ್ರಿಕದಲ್ಲಿ ಸಾಕಷ್ಟಿವೆ. ಉತ್ತರದ ಬದಲು ಇನ್ನೊಂದು ಮನೋಹರವಾದ ಚಿತ್ರವನ್ನು ಕಳುಹಿಸುವ ಸ್ಥಳಗಳೂ ಇವೆ.

ಉಪಸಂಹಾರ

ಒಂದು ತಿಂಗಳ ಬಳಿಕ ನನ್ನ ಶಿಷ್ಯನು ಮತ್ತೆ ಬಂದಾಗ ನಾನು ಓದಿದುದನ್ನೆಲ್ಲ ಅವನ ಮುಂದಿಟ್ಟೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಎರಡನೆಯ ಪ್ರಶ್ನೆಯನ್ನು ಅವರಿಗೆ ಬರೆದು ಕೇಳಿದನು. ಬಂದ ಉತ್ತರದಲ್ಲಿ ಮರಿಗಳ ಮುದ್ದಿನ ಹೆಸರುಗಳಿದ್ದವು, ತಾಯಂದಿರ ಸುದ್ದಿಯಿರಲಿಲ್ಲ. ಮುಂಗಡವಾಗಿ ಕಟ್ಟಿದ್ದ ಹಣ ಮರಳಿ ಬರಲಿಲ್ಲ. "ಹೋದರೆ ಹೋಗಲಿ, ಗುರುಗಳೇ, ಮರಿಯೊಂದಕ್ಕೆ ತಾಯಿ ಉಳಿದಳೆಂದು ತಿಳಿಯುತ್ತೇನೆ" ಎಂದನು. ಈಗ ಅವನು ಬೇರೊಂದು ಕಡೆಗೆ, ಎಣಿಸುವ ಮತ್ತು ಬರೆದಿಡುವ ಕೆಲಸವಿರುವಲ್ಲಿಗೆ, ಅರ್ಜಿ ಹಾಕಿದ್ದಾನೆ. ಅವರು ಕಳುಹಿಸಿದ ಕಾಗದದಲ್ಲಿ ಮೃಗದ ಚಿತ್ರವೊಂದೂ ಇರಲಿಲ್ಲ. ತರಬೇಕಾದ ಬಟ್ಟೆ, ಔಷಧಿ ಮತ್ತು ಪಾಲಿಸಬೇಕಾದ ನಿಯಮಗಳ ಪಟ್ಟಿಯಿತ್ತು.

ಆ ಅರ್ಜಿಗೆ ನಾನು ಪತ್ರವನ್ನು ಬರೆದುಕೊಟ್ಟೆನು. ಏನು ಬರೆಯಬೇಕೆಂದು ಯೋಚಿಸುವಾಗ ಅವನ ಬಾಲ್ಯದ ಒಂದು ಸಂಗತಿ ನೆನಪಿಗೆ ಬಂದಿತು. ಪ್ರಸಾದನಿಲಯದ ಉಗ್ರಾಣದಿಂದ ಪ್ರತಿದಿನ ತೆಗೆದ ಜೋಳ, ಬೇಳೆಗಳ ಲೆಕ್ಕವನ್ನು ಅವನು ಎರಡು ವರ್ಷ ಬರೆದಿದ್ದನು. ಯಾರೂ ಮೆಚ್ಚುವ ಕೆಲಸವಲ್ಲ, ಯಾರೂ ನೋಡುವ ಕೆಲಸವೂ ಅಲ್ಲ. ಅವನ ಪುಸ್ತಕದಲ್ಲಿ ಒಂದು ಸೇರಿನ ವ್ಯತ್ಯಾಸವೂ ಇರಲಿಲ್ಲ. ಅದನ್ನೇ ಬರೆದು, "ಈತನು ತನಗೆ ಒಪ್ಪಿಸಿದುದನ್ನು ಸರಿಯಾಗಿ ಎಣಿಸಬಲ್ಲನು, ತನ್ನದಲ್ಲದುದನ್ನು ಮುಟ್ಟುವವನಲ್ಲ" ಎಂದು ಮುಗಿಸಿದೆನು. ಅಭಯಾರಣ್ಯದ ಸೇವೆಗೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೆಂದು ನನಗೆ ತೋರಲಿಲ್ಲ.

ನಮ್ಮ ಸಂಸ್ಥೆಯಿಂದ ಹೊರಟ ಮಕ್ಕಳು ಯಾವ ಖಂಡಕ್ಕೆ ಹೋದರೂ ಈ ಎರಡು ಗುಣಗಳನ್ನು ಕೊಂಡೊಯ್ಯಲಿ. ಅವರನ್ನು ಕಳುಹಿಸುವ ಪಾಲಕರೂ, ಧನಸಹಾಯವನ್ನೀಯುವ ಮಹನೀಯರೂ ಕೊಡುವ ಮುನ್ನ ಒಂದು ಪ್ರಶ್ನೆಯನ್ನು ಕೇಳುವ ರೂಢಿಯನ್ನು ಬೆಳೆಸಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.